ಅವಿನೊ ಎತ್ತಿದ ಕೂಗು

ಕೊಬಾಲದ ಸರೋವರದ ದಂಡೆಯಲ್ಲಿ ಮೀನಿಗೆ ಹೊಗೆ ಹಾಕುವ ಮಣ್ಣಿನ ಒಲೆಗಳು ಹನ್ನೊಂದಿದ್ದವು. ಹನ್ನೊಂದು ಮನೆಗಳ ಹೊಟ್ಟೆಪಾಡು ಅವುಗಳಿಂದಲೇ. ದಂಡೆಯನ್ನು ಹಸಿರು ಮಾಡುತ್ತಾರಂತೆ, ಒಲೆಗಳನ್ನೆಲ್ಲ ಕೆಡವುತ್ತಾರಂತೆ ಎಂಬ ಸುದ್ದಿ ಬಂದಾಗ, ಪಟ್ಟಣದ ಪರಿಸರ ಸಮ್ಮೇಳನಕ್ಕೆ ತಮ್ಮ ಪರವಾಗಿ ಒಬ್ಬಳನ್ನು ಕಳಿಸಲು ಹೆಂಗಸರು ತೀರ್ಮಾನಿಸಿದರು. ಅವಿನೊಳನ್ನು ಆರಿಸಿದ್ದು ಓದು ಬರಹ ನೋಡಿಯಲ್ಲ, ಗಂಟಲು ನೋಡಿ.

“ನೀನು ಕೂಗಿದ್ರೆ ಸರೋವರದ ಆಚೆ ದಡದವ್ರೂ ತಿರುಗಿ ನೋಡ್ತಾರೆ ಕಣೇ,” ಎಂದಳು ಪಕ್ಕದ ಒಲೆಯ ಕೊನ್ಸೊಲಾಟಾ. “ಹೇಳೋದು ಒಂದೇ ಮಾತು. ಮೊದ್ಲು ಬೇರೆ ಜಾಗ ಕೊಡಿ, ಆಮೇಲೆ ಒಲೆ ಒಡೀರಿ. ಅಷ್ಟೇ. ನಿನ್ನ ಮದುವೆ ಕತೆ ಎಲ್ಲ ತೆಗೀಬೇಡ.”

“ಒಂದ್ ಮಾತು ಆಡಕ್ಕೆ ಬರಲ್ವಾ ನಂಗೆ? ಹೋಗೇ, ಸಾಕು!”

ಸಮ್ಮೇಳನದಲ್ಲಿ ಬೆಳಗಿನಿಂದ ಸಂಜೆವರೆಗೆ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯಿತು. ಗೋಡೆಯ ಮೇಲೆ ಹೊಸ ದಂಡೆಯ ಚಿತ್ರ ಬಿತ್ತು. ಅವಿನೊಳ ಒಲೆ ಇರುವ ಕಡೆ ಒಂದು ಬೆಂಚು, ಪಕ್ಕದಲ್ಲೊಂದು ಗಿಡ. ಅವಳು ಎರಡು ಸಲ ಕೈ ಎತ್ತಿದಳು. “ಪ್ರಶ್ನೆಗಳೆಲ್ಲ ಕೊನೇಲಿ ಅಮ್ಮಾ,” ಎಂದ ನಿರೂಪಕ. ಸರಿ ಎಂದು ಆ ಒಂದೇ ಮಾತನ್ನು ಬಾಯೊಳಗೇ ಮತ್ತೆ ಮತ್ತೆ ಆಡಿಕೊಳ್ಳುತ್ತ ಕೂತಳು.

ಕಡೆಗೆ ಹಿರಿಯ ಅಧಿಕಾರಿ ಎದ್ದು ದಂಡೆಯವರ ಲುವೊ ಭಾಷೆಯಲ್ಲೇ ಶುರುಮಾಡಿದ. “ತಾಯಂದಿರೇ, ನಮ್ಮಜ್ಜಿ ಮೀನಿಗೆ ಹೊಗೆ ಹಾಕಿಯೇ ನನ್ನ ಓದಿಸಿದ್ದು. ಕೊನೆಗಾಲದಲ್ಲಿ ಅವಳಿಗೆ ಕಣ್ಣೇ ಕಾಣ್ತಿರ್ಲಿಲ್ಲ. ನಿಮಗೆ ಹಾಗಾಗಬಾರ್ದು. ಆ ಹೊಗೆ ಇನ್ನು ಸಾಕು.” ಅಷ್ಟು ಹೇಳಿ ತಲೆ ಬಗ್ಗಿಸಿ ನಿಂತ.

ಸಭೆ ಗಪ್‌ಚಿಪ್. ಮುಂದಿನ ಸಾಲಿನ ದೊಡ್ಡವರು ಫೋನು ತಿಕ್ಕುತ್ತಿದ್ದರು. ಅಯ್ಯೋ, ಅತಿಥಿ ಮಾತು ಮುಗಿಸಿ ನಿಂತಿದ್ದಾನೆ, ಒಬ್ಬರೂ ತುಟಿ ಬಿಚ್ಚುತ್ತಿಲ್ಲ! ಲುವೊ ಹೆಂಗಸರು ಕೂತಿರುವ ಕಡೆ ಇಂಥ ನಾಚಿಕೆಗೇಡು ಉಂಟೆ? ತಮ್ಮ ಭಾಷೆ ಆಡಿದವನು, ಅಜ್ಜಿಯನ್ನು ನೆನೆದವನು. ಅವಿನೊ ಯೋಚಿಸಲಿಲ್ಲ. ಮದುವೆಮನೆಯಲ್ಲಿ ನೆಂಟರನ್ನು ಕಂಡಾಗ ಹೇಗೋ ಹಾಗೇ, ನಾಲಿಗೆ ಆಡಿಸುತ್ತ ಸಿಗಲಗಲ ಎತ್ತಿಬಿಟ್ಟಳು. ಆ ಹರ್ಷದ ಕೂಗಿಗೆ ಹಿಂದಿನ ಸಾಲಿನ ಹೆಂಗಸರೂ ದನಿಗೂಡಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕ್ಯಾಮೆರಾಗಳು ಅವಳತ್ತ ತಿರುಗಿದವು.

“ಇದಕ್ಕಿಂತ ಒಳ್ಳೆ ಉತ್ತರ ಬೇಕಾ?” ನಿರೂಪಕ ನಕ್ಕ. “ಹೊತ್ತಾಯ್ತು, ಸಭೆ ಮುಗೀತು.”

ತನ್ನ ಮಾತು ಹೇಳಲೆಂದು ಅವಿನೊ ಮತ್ತೆ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು.

ದಂಡೆಗೆ ಬಂದಾಗ ಕೊನ್ಸೊಲಾಟಾ ಕೇಳಿದಳು, “ಹೇಳ್ದ್ಯಾ?”

“ಎಲ್ರಿಗೂ ಕೇಳ್ಸೋ ಹಾಗೆ,” ಎಂದುಬಿಟ್ಟಳು ಅವಿನೊ. ನಿಜ ಹೇಳುವ ಧೈರ್ಯ ಬರಲಿಲ್ಲ. ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ.

ಮೂರನೆಯ ವಾರ ಒಲೆಗಳಿಗೆ ಬೆಂಕಿ ಹಾಕುವ ಹೊತ್ತಿಗೆ ಅವನ್ನು ಕೆಡವುವ ಯಂತ್ರ ಬಂತು. ಅದರ ಬೆನ್ನಿಗೇ ಕೊನ್ಸೊಲಾಟಾಳ ರೇಡಿಯೊ ಸುದ್ದಿ ಹೇಳಿತು: ಕೊಬಾಲದ ಮೀನುಗಾರ್ತಿಯರು ಯೋಜನೆಯನ್ನು ಸಂತೋಷದಿಂದ ಒಪ್ಪಿದ್ದಾರೆ, ಕೇಳಿ. ಆಮೇಲೆ ಆ ಕೂಗು. ಎಳೆದೆಳೆದು, ಕೊನೆಯಲ್ಲಿ ಒಮ್ಮೆ ಮೇಲೆ ಹಾರುವ ಆ ದನಿ ಯಾರದೆಂದು ಕೇಳಬೇಕಿರಲಿಲ್ಲ. ಆ ದಂಡೆಯಲ್ಲಿ ಯಾರ ಮದುವೆಯೂ ಅದಿಲ್ಲದೆ ಆಗಿರಲಿಲ್ಲ.

ಹತ್ತು ಹೆಂಗಸರು ಅವಿನೊಳ ಕಡೆ ತಿರುಗಿದರು. ಕೊನ್ಸೊಲಾಟಾ ರೇಡಿಯೊ ಆರಿಸಿದಳು.

ಅವಿನೊ ಓಡಿಹೋಗಿ ಯಂತ್ರಕ್ಕೆ ಅಡ್ಡ ನಿಂತಳು. “ಮೊದ್ಲು ಬೇರೆ ಜಾಗ ಕೊಡಿ! ಆಮೇಲೆ ಒಲೆ ಒಡೀರಿ!” ಗಂಟಲು ಹರಿಯುವಂತೆ ಕೂಗಿದಳು. ದೋಣಿಯವರೆಲ್ಲ ತಿರುಗಿ ನೋಡಿದರು.

ಚಾಲಕ ಎಂಜಿನ್ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ. ಕೆಟ್ಟವನೇನಲ್ಲ ಪಾಪ.

“ಇದನ್ನ ಅವತ್ತು ಸಭೇಲಿ ಹೇಳ್ಬೇಕಿತ್ತಲ್ಲಮ್ಮಾ,” ಎಂದ.

ಕೊನ್ಸೊಲಾಟಾಳೇ ಬಂದು ಅವಿನೊಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದಳು. ಚಾಲಕ ಮತ್ತೆ ಎಂಜಿನ್ ಹಚ್ಚಿದ.