ಗಟಾರದ ರಾಕ್ಷಸಿ

“ರಾಕ್ಷಸಿ ಬರಿ ಅಂದ್ರ ಯಾರದೋ ಸೋದರತ್ತೀನ್ನ ಬರದೀಯಲ್ಲೋ ಮಗನ! ಇಕೀ ಮ್ಯಾಲೆ ಕತ್ತಿ ಎತ್ಲಿಕ್ಕೆ ಆಟ ಆಡೋರಿಗೆ ಮನಸ್ಸು ಬರ್ತದೇನು?”

ಅತುಲ ಹನಮೇಶನ ಕೈಯಿಂದ ಪೆನ್ನು ಕಿತ್ತುಕೊಂಡು ಕಂಪ್ಯೂಟರ್ ತೆರೆಯ ಮೇಲಿನ ಮುಖಕ್ಕೆ ಅಡ್ಡಗೆರೆ ಎಳೆದ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ವಿದ್ಯಾನಗರದ ಆ ಕಟ್ಟಡದ ಮೊದಲ ಮಹಡಿಯಲ್ಲಿ ಕೂತು ಅವರು ಪರದೇಶದ ಕಂಪನಿಯೊಂದರ ಆನ್‌ಲೈನ್ ಆಟಕ್ಕೆ ಚಿತ್ರ ಬರೆಯುತ್ತಿದ್ದರು. ರಾಜಕುಮಾರರು, ಹಾರುವ ಕುದುರೆಗಳು, ಬಂಗಾರದ ಕೋಟೆ. ಕೋಟೆಯ ಕೆಳಗಿನ ಗಟಾರದಲ್ಲಿ ವಾಸಿಸುವ ರಾಕ್ಷಸ ಕುಲ ಹನಮೇಶನ ಪಾಲಿಗೆ ಬಂದಿತ್ತು. ಯಾವ ಚಿತ್ರ ಹೇಗಿರಬೇಕೆಂದು ಹೇಳುವವನು ಅತುಲ.

“ಹೊಲಸು ಕಾಣಬೇಕು. ನೋಡಿದ ಕೂಡ್ಲೆ ಹೇಸಿಗಿ ಬರಬೇಕು,” ಎನ್ನುತ್ತ ಅತುಲ ಕಿಟಕಿಯ ಪರದೆ ಸರಿಸಿದ. ಕೆಳಗೆ ರಸ್ತೆ ಬದಿಯ ಗಟಾರದಲ್ಲಿ ಮೊಣಕಾಲವರೆಗೆ ಇಳಿದು ಒಬ್ಬ ಹೆಂಗಸು ರಾಡಿ ಎತ್ತಿ ಹಾಕುತ್ತಿದ್ದಳು. “ಅಕೀನ್ನ ನೋಡು. ಆ ಹಲ್ಲು ನೋಡು. ಹೋಗಿ ಫೋಟೋ ಹೊಡ್ಕೊಂಡು ಬಾ. ಅದನ್ನ ಬರಿ.”

ಆಕೆ ಗಾಳೆವ್ವ. ತಾಯಿ ಸತ್ತ ಮೇಲೆ ಹನಮೇಶನನ್ನು ಸಾಕಿದ ಚಿಗವ್ವ, ಆ ತಾಯಿಯ ತಂಗಿ.

ಹಳೇ ಹುಬ್ಬಳ್ಳಿಯ ತನ್ನ ಓಣಿಯ ಹೆಸರು ಹೇಳಿದರೆ ಜಾತಿ ಗೊತ್ತಾಗುತ್ತದೆಂದು, ಕೇಳಿದವರಿಗೆಲ್ಲ ಹನಮೇಶ ತಾನು ಗರಗ ಎಂಬ ಊರಿನವನೆಂದಿದ್ದ. ಗಾಳೆವ್ವನ ಕೆಲಸ ಈ ರಸ್ತೆಗೆ ಬಿದ್ದಾಗ ಕೈಮುಗಿದು ಹೇಳಿದ್ದ: “ಅಲ್ಲೆ ಕಂಡ್ರ ಮಾತಾಡಸಬ್ಯಾಡ ಚಿಗವ್ವಾ.” ಆಕೆ ಮಾತಾಡಿಸಿರಲಿಲ್ಲ.

ಅವನು ಇಳಿದು ಹೋಗಿ ಮೊಬೈಲ್ ಎತ್ತಿದಾಗಲೂ ಆಕೆ ಮೊದಲು ಆಚೀಚೆ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮುಖ ಅರಳಿತು.

“ನನ್ನ ಫೋಟೋ ಯಾತಕ್ಕೋ ಯಪ್ಪಾ?”

“ಚಿತ್ರ ಬರಿಯಾಕ.”

“ತಡಿ ಹಂಗಾರ.” ಗಟಾರದ ದಂಡೆಗೆ ಕೂತು, ಕೈಯ ರಾಡಿಯನ್ನು ಸೀರೆಗೆ ಒರೆಸಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಕ್ಕಳು. ತಂಬಾಕು ತಿಂದು ಕಪ್ಪಾದ ಹಲ್ಲು. “ಛಲೋ ಬರಿ ಮತ್ತ. ನಿಮ್ಮವ್ವನಂಗ ಕಾಣಬೇಕ ನೋಡು.”

ಅವನು ಬರೆದ. ಹಲ್ಲನ್ನು ಕೋರೆ ಮಾಡಿದ, ಮೈಗೆ ರಾಡಿ ಬಳಿದ. ಬ್ಲೀಚಿಂಗ್ ಪುಡಿ ಸಿಡಿದು ಬೆಳ್ಳಗಾಗಿದ್ದ ಆಕೆಯ ಎಡಗಣ್ಣನ್ನು ಅತುಲ ಕೇಳಿರಲಿಲ್ಲ. ಅದನ್ನು ಹನಮೇಶ ತಾನಾಗಿಯೇ ಹಾಕಿದ. ಹಾಕಿ, ಬೆಳಕು ಸರಿಯಾಗಿ ಬಿದ್ದ ಆ ಬಿಳಿ ಕಣ್ಣನ್ನು ನೋಡಿದಾಗ ಒಂದು ಗಳಿಗೆ ಅವನಿಗೆ ಹೆಮ್ಮೆಯೂ ಆಯಿತು.

“ಇದಪಾ ಕೆಲಸಾ ಅಂದ್ರ!” ಎಂದು ಅತುಲ ಬೆನ್ನು ಚಪ್ಪರಿಸಿದ.

ಆಟ ಬಿಡುಗಡೆಯಾದ ದಿನ ಕಟ್ಟಡದ ಬಾಗಿಲಿಗೆ ಆಳೆತ್ತರದ ಫ್ಲೆಕ್ಸ್ ಕಟ್ಟಿದರು. ನಟ್ಟನಡುವೆ ಗಟಾರದ ರಾಕ್ಷಸಿ. ಎಲ್ಲರಿಗೂ ಪೇಢೆ ಹಂಚುತ್ತಿದ್ದ ಅತುಲ ರಸ್ತೆಯಲ್ಲಿದ್ದ ಗಾಳೆವ್ವನನ್ನು ಕಂಡ.

“ಏ, ಬಾ ಇಲ್ಲೆ! ಇದರ ಬಾಜೂಕ ನಿಂದ್ರು. ಹಲ್ಲು ಬಿಡು. ಇನ್ನಷ್ಟು ಬಿಡು!”

ಆಕೆ ನಿಂತಳು. ಯಾರೋ ಪ್ಲಾಸ್ಟಿಕ್ ಕತ್ತಿ ತಂದು ಆಕೆಯ ಕುತ್ತಿಗೆಗೆ ಹಿಡಿದರು. ಮೊಬೈಲ್‌ಗಳು ಎದ್ದವು, ನಗೆ ಎದ್ದಿತು. ಗಾಳೆವ್ವ ಗುಂಪಿನ ಹಿಂದಿದ್ದ ಹನಮೇಶನತ್ತ ಒಮ್ಮೆ ನೋಡಿ, ಕೂಡಲೇ ಕಣ್ಣು ಹೊರಳಿಸಿದಳು. ಅತುಲ ಒಂದು ಪೇಢೆಯನ್ನು ಮೇಲಿನಿಂದ ಆಕೆಯ ಸೆರಗಿಗೆ ಹಾಕಿದ. ಹನಮೇಶ ತಲೆ ತಗ್ಗಿಸಿ ತನ್ನ ಪಾಲಿನದನ್ನು ನುಂಗಿದ.

ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಆಕೆ ಕೇಳಿದಳು.

“ಆ ಕಣ್ಣು ನಂದಽ ಅಲ್ಲೇನು?”

“ಹೂಂ.”

“ಆಟದಾಗ ಅಕಿ ಏನ್ ತಪ್ಪು ಮಾಡ್ಯಾಳ?”

“ಏನೂ ಇಲ್ಲ. ಗಟಾರದಾಗಿಂದ ಮ್ಯಾಲ ಬರತಾಳ.”

“ಬಂದ್ರ?”

“ಹೊಡೀತಾರ.”

“ಸಾಯ್ತಾಳೇನು?”

“ಸಾಯ್ತಾಳ. ಮತ್ತ ಬರತಾಳ. ಮತ್ತ ಹೊಡೀತಾರ.”

ಗಾಳೆವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ಉಣ್ಣು,” ಎಂದಳು. ಬೈದಿದ್ದರೆ ಅವನು ಉಣ್ಣುತ್ತಿದ್ದನೇನೋ. ತಟ್ಟೆ ಸರಿಸಿ ಎದ್ದ.

ಮರುದಿನ ಅತುಲ ಕೈ ಉಜ್ಜುತ್ತ ಬಂದ. “ರಾಕ್ಷಸಿ ಭಾಳ ನಡದದ. ಇನ್ನ ಅಕಿಗೆ ಮರಿ ಬೇಕಂತ ಕಂಪನಿಯವರು ಹೇಳ್ಯಾರ. ಬೆಂಕಿ ಹಚ್ಚಿದ್ರ ಕಿರಚಬೇಕು, ಅಂಥವು.”

ಹನಮೇಶ ಮಧ್ಯಾಹ್ನದತನಕ ಬರೆದ. ಕೋರೆ ಇಲ್ಲ, ರಾಡಿ ಇಲ್ಲ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ತನ್ನದೇ ಮುಖ. ಅದನ್ನು ಗೋಡೆಯ ದೊಡ್ಡ ತೆರೆಗೆ ಹಾಕಿ ಎದ್ದು ನಿಂತ.

“ಏನೋ ಇದು ಚಾಷ್ಟಿ?”

“ಅಕೀ ಮರಿ ರೀ. ಕೆಳಗ ಗಟಾರ ಬಳಿಯಾಕಿ ನಮ್ಮ ಚಿಗವ್ವ. ಅಕಿ ರಾಕ್ಷಸಿ ಆದ್ರ ನಾನೂ ರಾಕ್ಷಸನಽ. ಹಚ್ರಿ ಬೆಂಕಿ.”

ಪಕ್ಕದ ಕುರ್ಚಿಯವನು ತನ್ನ ನೀರಿನ ಬಾಟಲಿಯನ್ನು ಮೆಲ್ಲಗೆ ಈಚೆ ಎಳೆದುಕೊಂಡ.

“ಅಂದ್ರ ಇಷ್ಟು ದಿನ ನಮ್ಮ ಕೂಡ ಕೂತು ಉಂಡೀಯಲ್ಲೋ,” ಎಂದ ಅತುಲ. “ನಡಿ ಹೊರಗ.”

“ಮೊದ್ಲ ಆಟದಾಗಿಂದ ಅಕೀ ಚಿತ್ರ ತಗೀರಿ.”

“ಅದು ಕಂಪನೀದು. ನಿಂದೂ ಅಲ್ಲ, ಅಕೀದೂ ಅಲ್ಲ. ನಡಿ!”

ಕೆಳಗೆ ರಸ್ತೆಯಲ್ಲಿ ನಿಂತು ಹನಮೇಶ ಎಲ್ಲರಿಗೂ ಕೇಳುವಂತೆ ಕೂಗಿದ: “ಚಿಗವ್ವಾ! ಕೆಲಸ ಬಿಟ್ಟೆ!”

ಗಟಾರದೊಳಗಿದ್ದ ಗಾಳೆವ್ವ ಸಲಿಕೆ ಊರಿ ಅವನನ್ನು ನೋಡಿದಳು. “ಭಾಡ್ಯಾ! ನೀ ಬಿಟ್ರ ಆ ಚಿತ್ರ ಅಳಸತೈತೇನು?”

“ಇಲ್ಲ.”

“ಮತ್ತ?”

ಅವನು ಆಕೆಯನ್ನು ಮೇಲೆತ್ತಲು ಕೈ ಚಾಚಿದ. ಆಕೆ ಹಿಡಿಯಲಿಲ್ಲ. ಬಾಗಿ ಮತ್ತೆ ರಾಡಿ ಎತ್ತತೊಡಗಿದಳು.

ಮೇಲಿನ ಕಿಟಕಿಯಿಂದ ಆಟದ ಸದ್ದು ಬಂತು. ಕತ್ತಿ ಬೀಸಿದ್ದು, ಹಿಂದೆಯೇ ಹೆಂಗಸೊಬ್ಬಳು ಚೀರಿದ್ದು. ಗಾಳೆವ್ವನ ಸಲಿಕೆ ನಿಂತಿತು.

“ಅದು ನಾನಽ ಏನು?”

ಹನಮೇಶ ಹೂಂ ಎಂದ. ಮೇಲೆ ಆಕೆ ಮತ್ತೊಮ್ಮೆ ಚೀರಿದಳು.