ಮೇಲಿನ ಮಹಡಿಯ ಡಾಕ್ಟರು

ಡಿಪೋದಲ್ಲಿ ಅವಳನ್ನು ಎಲ್ಲರೂ ಬ್ರೇಕಮ್ಮ ಅಂತಲೇ ಕರೆಯುತ್ತಿದ್ದರು. ಅವಳು ಬಸ್ಸು ನಿಲ್ಲಿಸಿದರೆ ನಿಂತುಕೊಂಡು ತೂಕಡಿಸುವವನಿಗೂ ಎಚ್ಚರವಾಗುವುದಿಲ್ಲ ಅನ್ನುವುದು ಕಂಡಕ್ಟರುಗಳ ಮಾತು. ಅಂಥವಳು ಒಂದು ಸಂಜೆ ಡ್ಯೂಟಿ ಮುಗಿಸಿ ಇಳಿಯುವಾಗ ಮೆಟ್ಟಿಲು ತಪ್ಪಿ ಸಿಮೆಂಟು ನೆಲಕ್ಕೆ ಬಿದ್ದಳು. ಇಡೀ ಮೈಭಾರ ಬಲಗಾಲಿನ ಹಿಮ್ಮಡಿಯ ಮೇಲೆ ಬಿತ್ತು. ಬ್ರೇಕ್ ಒತ್ತುವ ಕಾಲು ಅದೇ.

ಆಪರೇಷನ್ ಆಯಿತು, ಪ್ಲೇಟು ಹಾಕಿದರು, ಬ್ಯಾಂಡೇಜು ಬಿಚ್ಚಿದರು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಚೆನ್ನಾಗಿ ಕೂಡಿಕೊಂಡಿದೆಯಮ್ಮಾ, ಇನ್ನು ನಡೆಯೋಕೆ ಶುರು ಮಾಡಿ" ಅಂದರು. ಆದರೆ ಕಾಲು ನೆಲಕ್ಕಿಟ್ಟರೆ ಕೆಂಡ ತುಳಿದ ಹಾಗಾಗುತ್ತಿತ್ತು. ಹೊದಿಕೆ ತಾಗಿದರೂ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಮುಂದಿನ ಸಲ ಹೋದಾಗ ಡಾಕ್ಟರು ಹುಬ್ಬು ಗಂಟಿಕ್ಕಿ, "ಇಷ್ಟೊಂದು ನೋವು ಇರಬಾರದಲ್ಲ" ಅಂದುಬಿಟ್ಟರು. ಆ 'ಇರಬಾರದಲ್ಲ' ಅವಳ ತಲೆಯಲ್ಲಿ ಹುಳದ ಹಾಗೆ ಹೊಕ್ಕಿತು. ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೀನಾ?

ಅಷ್ಟರಲ್ಲಿ ಇನ್ನೊಂದು ಶುರುವಾಗಿತ್ತು. ಅದಕ್ಕೆ ಏನನ್ನಬೇಕೋ ಅವಳಿಗೇ ತಿಳಿಯದು. ಸ್ನಾನ ನಾಳೆ ಮಾಡಿದರಾಯಿತು, ತಲೆ ನಾಡಿದ್ದು ಬಾಚಿಕೊಂಡರಾಯಿತು. ಊಟ ರುಚಿಸದು, ನಿದ್ದೆ ಹತ್ತದು. ಗಂಡ ಬೇಕರಿಯಲ್ಲಿ ಒಲೆಯ ಮುಂದೆ ದುಡಿಯುವವನು, ಮನೆಗೆ ಬಂದರೆ ನಗಿಸದೆ ಬಿಡುವವನಲ್ಲ. ಅವನು ಜೋಕು ಹೇಳಿದರೆ ಎಲ್ಲಿ ನಗಬೇಕು ಅಂತ ಅವಳು ಮುಖ ನೋಡಿ ಲೆಕ್ಕ ಹಾಕಿ ನಗುತ್ತಿದ್ದಳು.

ಒಂದು ಮಧ್ಯಾಹ್ನ ಒಲೆಯ ಮೇಲೆ ಬೇಳೆ ಇಟ್ಟು ಕುರ್ಚಿಯಲ್ಲಿ ಕೂತಳು. ನೀರು ಇಂಗಿತು, ಪಾತ್ರೆ ಸೀದುಹೋಯಿತು, ಅಡುಗೆಮನೆ ತುಂಬ ಹೊಗೆ. ಅವಳು ನೋಡುತ್ತಲೇ ಇದ್ದಳು. ಏಳಬೇಕು ಅನಿಸಲೇ ಇಲ್ಲ. ಪಕ್ಕದ ಮನೆಯ ಅಜ್ಜಿ ಬಾಗಿಲು ದಬದಬ ಬಡಿದು, ಒಳಗೆ ನುಗ್ಗಿ ಒಲೆ ಆರಿಸಿದರು. ಆಮೇಲೆ ಅವಳಿಗೆ ಭಯವಾಗಿದ್ದು ಹೊಗೆಗಲ್ಲ. ಬಾಗಿಲು ಬಡಿದ ಅಜ್ಜಿಯ ಮೇಲೆ ತನಗೆ ಸಿಟ್ಟು ಬಂದಿತ್ತಲ್ಲ, ಅದಕ್ಕೆ.

"ಕಾಲು ನೋವಿಗೆ ಏಳೋಕಾಗಲಿಲ್ಲ ರೀ" ಅಂತ ಗಂಡನಿಗೆ ಹೇಳಿದಳು. ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಆಸ್ಪತ್ರೆಗೆ ಫೋನು ಮಾಡಿ, ಮನಸ್ಸಿನ ಡಾಕ್ಟರ ಹತ್ತಿರ ಸಮಯ ಕೇಳಿದಳು. ಕೊಟ್ಟರು. ಕೊಟ್ಟ ಮೇಲೆ ಇನ್ನೂ ದಿಗಿಲಾಯಿತು. ಮನಸ್ಸು ಸರಿಯಿಲ್ಲ ಅಂತ ಹೇಳಿದರೆ ಕಾಲು ನೋವೂ ಬರೀ ಭ್ರಮೆ ಅಂದುಬಿಟ್ಟರೆ? ನೋವಿನ ಮಾತ್ರೆ ನಿಲ್ಲಿಸಿಬಿಟ್ಟರೆ? ಡಿಪೋದವರ ಕಿವಿಗೆ ಬಿದ್ದರೆ ಸ್ಟೇರಿಂಗ್ ಮುಟ್ಟಲು ಬಿಡುತ್ತಾರಾ?

ಆ ದಿನ ಬಂತು. "ಕಾಲಿನ ವ್ಯಾಯಾಮಕ್ಕೆ ಹೋಗಿ ಬರ್ತೀನಿ" ಅಂದಳು. ಗಂಡನಿಗೆ ಅವತ್ತೇ ರಜೆ. "ನಾನೂ ಬರ್ತೀನಿ, ನಿನ್ನ ಕುಂಟಾಟ ಒಬ್ಬಳೇ ನೋಡಿಕೊಂಡರೆ ಏನು ಮಜಾ?" ಅಂತ ಚಪ್ಪಲಿ ಮೆಟ್ಟಿಕೊಂಡ. ಬೇಡ ಅನ್ನಲು ಅವಳಿಗೆ ನೆಪ ಸಿಗಲಿಲ್ಲ.

ವ್ಯಾಯಾಮದ ಕೋಣೆ ಕೆಳಗೇ ಇತ್ತು. ಗಂಡ ಅತ್ತ ತಿರುಗಿದ. ಅವಳು ಊರುಗೋಲು ಊರಿಕೊಂಡು ಲಿಫ್ಟಿನ ಮುಂದೆ ನಿಂತಳು. ಲಿಫ್ಟಿಗೆ 'ಕೆಟ್ಟಿದೆ' ಅಂತ ಚೀಟಿ ಅಂಟಿಸಿದ್ದರು.

"ಇಲ್ಲಿ ಕಣೇ, ಎಲ್ಲಿಗೆ ಹೊರಟೆ?"

"ಮೇಲಕ್ಕೆ."

"ಮೇಲೆ ಏನಿದೆ?"

ಅವಳು ಮೆಟ್ಟಿಲ ಹತ್ತಿರ ಹೋಗಿ, ಗೋಲುಗಳನ್ನು ಅವನ ಕೈಗೆ ಕೊಟ್ಟು, ಕೆಳಗಿನ ಮೆಟ್ಟಿಲ ಮೇಲೆ ಅವನಿಗೆ ಎದುರಾಗಿ ಕೂತಳು. ಎಡಗಾಲು ಒತ್ತಿ, ಎರಡೂ ಕೈ ಹಿಂದಕ್ಕೆ ಊರಿ, ಕೂತಲ್ಲಿಂದಲೇ ಒಂದು ಮೆಟ್ಟಿಲು ಮೇಲೆ ಸರಿದಳು. ಪುಟ್ಟ ಮಕ್ಕಳು ಕೂತುಕೊಂಡೇ ಮೆಟ್ಟಿಲು ಇಳಿಯುತ್ತವಲ್ಲ, ಅದನ್ನೇ ತಿರುಗಾಮುರುಗಾ ಮಾಡಿದ ಹಾಗೆ. ಹತ್ತಿ ಇಳಿಯುವವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಏನಿದು ಅವಸ್ಥೆ! ಎತ್ತಿಕೊಳ್ಳಲಾ?"

"ಬೇಡ. ಸುಮ್ಮನೆ ಬನ್ನಿ. ಮೇಲಿರೋದು ಮನಸ್ಸಿನ ಡಾಕ್ಟರು."

ಗಂಡ ಗೋಲು ಹಿಡಿದು ನಿಂತಲ್ಲೇ ನಿಂತ. ಅವಳು ಇನ್ನೊಂದು ಮೆಟ್ಟಿಲು ಸರಿದಳು. ನಿಂತರೆ ಧೈರ್ಯ ಹೋಗಿಬಿಡುತ್ತದೆ ಅನಿಸಿತು.

"ಯಾರಿಗೆ?"

"ನನಗೇ ರೀ. ಅವತ್ತು ಬೇಳೆ ಸೀದಾಗ ನನಗೆ ಏಳೋಕಾಗದೆ ಇರಲಿಲ್ಲ. ಏಳಬೇಕು ಅನ್ನಿಸಲಿಲ್ಲ. ಹೊಗೆ ತುಂಬಿದರೆ ತುಂಬಲಿ ಅನ್ನಿಸಿತು." ಹಿಮ್ಮಡಿ ಮೆಟ್ಟಿಲ ಅಂಚಿಗೆ ತಗುಲಿತು. ಅವಳು ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟಾಗ ಗಂಡ ಅವಳ ಕೆಳಗಿನ ಮೆಟ್ಟಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಮುಖ ಬಿಳಿಚಿಕೊಂಡಿತ್ತು.

"ನಾನು ಇಷ್ಟು ದಿನ ಜೋಕು ಹೇಳ್ತಾ ಇದ್ದೆನಲ್ಲೇ" ಅಂದ.

"ಹೇಳಿ. ನಿಲ್ಲಿಸಬೇಡಿ. ಆದರೆ ನಗಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ."

ಅವನು ಅವಳ ಬಲಗಾಲಿನ ಕೆಳಗೆ ಅಂಗೈ ಇಟ್ಟ, ಅಂಚಿಗೆ ತಾಗದ ಹಾಗೆ. ಹೀಗೆಯೇ ಇಬ್ಬರೂ ಮೇಲೆ ತಲುಪುವಷ್ಟರಲ್ಲಿ ಕೊಟ್ಟ ಸಮಯ ಮೀರಿತ್ತು. ಆದರೂ ಅವಳನ್ನು ಒಳಗೆ ಬಿಟ್ಟರು, ಗಂಡ ಹೊರಗೆ ಕೂತ.

ಡಾಕ್ಟರು ನಡುವಯಸ್ಸಿನ ಹೆಂಗಸು. ಏನಾಗುತ್ತಿದೆ ಅಂತ ಕೇಳಿದ್ದೇ ತಡ, ಬ್ರೇಕಮ್ಮ ಕಾಲಿನ ಕಥೆಯನ್ನೇ ಹೇಳತೊಡಗಿದಳು: ಪ್ಲೇಟು, ಎಕ್ಸ್‌ರೇ, ಹೊದಿಕೆ. ಕೊನೆಗೆ ತಡೆಯಲಾರದೆ, "ನೋವು ನಿಜ ಡಾಕ್ಟರೇ, ತಲೆಯಲ್ಲಿ ಹುಟ್ಟಿಸಿಕೊಂಡಿದ್ದಲ್ಲ" ಅಂದಳು.

"ನಿಜ ಅಲ್ಲ ಅಂತ ಯಾರು ಹೇಳಿದರು? ಮೂಳೆ ಕೂಡಿದ ಮೇಲೂ ನರ ಉರಿಯಬಹುದು. ಅದನ್ನ ನಿಮ್ಮ ಮೂಳೆ ಡಾಕ್ಟರ ಹತ್ತಿರ ನಾನೇ ಮಾತಾಡ್ತೀನಿ. ಈಗ ನಿದ್ದೆ ವಿಷಯ ಹೇಳಿ."

ಆಮೇಲೆ ಹೊಗೆಯ ವಿಷಯವೂ ಹೊರಬಂತು. ಸಾಯಬೇಕು ಅಂತ ಯೋಚನೆ ಬಂದಿದೆಯಾ ಅಂತ ಡಾಕ್ಟರು ನೇರವಾಗಿಯೇ ಕೇಳಿದರು. ಬಂದಿಲ್ಲ, ಆದರೆ ತಾನು ಇಲ್ಲದಿದ್ದರೂ ನಡೆಯುತ್ತದೆ ಅನಿಸಿದೆ ಅಂದಳು. ಡಾಕ್ಟರು ಗಂಡನನ್ನು ಒಳಗೆ ಕರೆಸಿ, ಕೆಲವು ವಾರ ಇವರನ್ನು ಒಬ್ಬರನ್ನೇ ಬಿಡಬೇಡಿ ಅಂದರು.

"ಬಸ್ಸು?" ಅಂತ ಕೇಳಿದಳು ಅವಳು.

"ಸದ್ಯಕ್ಕಂತೂ ಇಲ್ಲ. ಮಾತ್ರೆಗೆ ಮಂಪರು ಬರುತ್ತೆ. ಡಿಪೋ ಡಾಕ್ಟರಿಗೂ ತಿಳಿಸಬೇಕಾಗುತ್ತೆ, ಮುಚ್ಚಿಡೋ ಹಾಗಿಲ್ಲ. ಇದೇ ಕೊನೆ ಅಂತಲೂ ಅಲ್ಲ."

ಹೆದರಿದ್ದರಲ್ಲಿ ಅರ್ಧ ನಿಜವಾಯಿತು. ಆದರೂ ಅವಳು ಮಾತ್ರೆ ತೆಗೆದುಕೊಂಡಳು. ಮೊದಲನೆಯದಕ್ಕೆ ಹೊಟ್ಟೆ ತೊಳೆಸಿ, ಇನ್ನು ಸಾಕು ಅಂತ ಕೂತಳು. ಬೇರೆ ಬರೆದುಕೊಟ್ಟರು. ಪಕ್ಕದ ಮನೆಯ ಅಜ್ಜಿ ಹಗಲು ಹೊತ್ತು ಬಂದು ಕೂತು ಊರಿನ ಸುದ್ದಿಯೆಲ್ಲ ಹೇಳಿ ಸುಸ್ತು ಮಾಡುತ್ತಿದ್ದರು. ನರದ ನೋವಿಗೆ ಔಷಧಿ ಬದಲಾದ ಮೇಲೆ ಹೊದಿಕೆ ತಾಗಿದರೆ ತಡೆದುಕೊಳ್ಳುವ ಹಾಗಾಯಿತು. ನಿದ್ದೆ ಮೊದಲು ಬಂತು, ಹಸಿವು ಎಷ್ಟೋ ದಿನದ ನಂತರ.

ಈಗ ಅವಳು ಡಿಪೋದ ವಿಚಾರಣೆ ಕೌಂಟರಿನಲ್ಲಿ ಕೂತು ಮೈಕಿನಲ್ಲಿ ಬಸ್ಸಿನ ವೇಳೆ ಹೇಳುತ್ತಾಳೆ. ಡಿಪೋ ಡಾಕ್ಟರು ಮುಂದೆ ನೋಡೋಣ ಅಂದಿದ್ದಾರೆ. ಆ 'ನೋಡೋಣ' ನೆನಪಾದರೆ ಈಗಲೂ ಎದೆ ಢವಗುಟ್ಟುತ್ತದೆ. ಕೆಲವು ದಿನ ಬೆಳಗ್ಗೆ ಏಳುವುದೇ ಕಷ್ಟ. ಅಂಥ ದಿನ ಅವಳು ನೆಪ ಹೇಳುವುದಿಲ್ಲ. "ಇವತ್ತು ಸರಿಯಿಲ್ಲ ರೀ" ಅನ್ನುತ್ತಾಳೆ.

"ಕಾಲಾ, ಇನ್ನೊಂದಾ?" ಅಂತ ಗಂಡ ಕೇಳುತ್ತಾನೆ.

ಅವಳು ಯಾವುದು ಅಂತ ಹೇಳುತ್ತಾಳೆ.