ಮೆಮೊರಿ ಸಿಗಲಿಲ್ಲ

“ಗಂಗಮ್ಮ, ನಿನ್ನ ಈ ಡಬ್ಬ ಇವತ್ತು ನನ್ನ ಮಾನ ತೆಗೀತು ಕಣಮ್ಮ!”

ಕರಿಬಸಪ್ಪ ಡಿಬಗ್ಗರನ್ನು ಮೇಜಿನ ಮೇಲೆ ಕುಕ್ಕಿದ. ಶಿವಗಂಗಮ್ಮ ಸೋಲ್ಡರಿಂಗ್ ಐರನ್ ಪಕ್ಕಕ್ಕಿಟ್ಟಳು.

“ಮೆಲ್ಲಗೆ ಇಡು ಬಸಣ್ಣ. ಏನಾಯ್ತು?”

“ಕೆಂಗೇರೀಲಿ ಫ್ಯಾಕ್ಟರಿ ಓನರ್ ಮುಂದೇನೇ ‘ಎರರ್’ ಅಂತ ಅಚ್ಚೊತ್ತಿ ನಿಂತ್‌ಬಿಡ್ತು. ಆ ಯಪ್ಪನ ಮುಖ ನೋಡ್ಬೇಕಿತ್ತು ನೀನು! ಮನೇಲಿ ಯಾರೋ ಹೋದ್ರು ಅಂತ ತಂತಿ ಬಂದಂಗೆ ಕೂತ. ನೋಡಿದ್ರೆ ಆ ಬಾಕ್ಸಲ್ಲಿ ಎರಡನೇ ಮೆಮೊರಿ ಚಿಪ್ಪೇ ಹಾಕಿಲ್ಲ.”

ಶಿವಗಂಗಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಸಹಳ್ಳಿಯಿಂದ ದಿನಾ ಬಸ್ಸಿಗೆ ನೇತಾಡಿಕೊಂಡು ರಾಜಾಜಿನಗರದ ಈ ಶೆಡ್ಡಿಗೆ ಬರುವ ಅವಳು ಪಾಲಿಟೆಕ್ನಿಕ್ ಮುಗಿಸಿ ಇನ್ನೂ ಎರಡು ವರ್ಷವಾಗಿರಲಿಲ್ಲ. ತಗಡು ಒತ್ತುವ ಪ್ರೆಸ್ ಮಿಷಿನ್ನುಗಳಿಗೆ ಕಂಟ್ರೋಲ್ ಬಾಕ್ಸ್ ಮಾಡಿಕೊಡುವುದು ಓನರ್ ಸೇತುರಾಮನ ಕಸುಬು. ಆ ಬಾಕ್ಸಿಗೆ ವೈರು ಸಿಕ್ಕಿಸಿ, ಅದರ ಮೆಮೊರಿಯಲ್ಲಿ ಏನಿದೆ ಎಂದು ಓದಿ ಸಣ್ಣ ಕಾಗದದ ಪಟ್ಟಿಯ ಮೇಲೆ ಅಚ್ಚು ಹಾಕುವ ಯಂತ್ರವೇ ಡಿಬಗ್ಗರ್. ಅದರ ಪ್ರೋಗ್ರಾಮ್ ಬರೆದವಳು ಶಿವಗಂಗಮ್ಮ; ಅದನ್ನು ಹೊತ್ತುಕೊಂಡು ಫ್ಯಾಕ್ಟರಿಗಳಿಗೆ ರಿಪೇರಿಗೆ ಹೋಗುವವನು ಕರಿಬಸಪ್ಪ.

ಕರಿಬಸಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ಚಿಪ್ಪೇ ಇಲ್ಲದ ಜಾಗದಿಂದ ಉತ್ತರ ಬರದಿದ್ದರೆ ಅದು ತಪ್ಪು ಹೇಗಾಗುತ್ತದೆ? ಅವಳು ಅವತ್ತೇ ಆ ಉತ್ತರದ ಹೆಸರು ಬದಲಾಯಿಸಿದಳು. ‘ಮೆಮೊರಿ ಎರರ್’ ಅಂತಿದ್ದುದು ‘ಮೆಮೊರಿ ಸಿಗಲಿಲ್ಲ’ ಅಂತಾಯಿತು. ಎರರ್‌ಗಳ ಗುಂಪಿನಿಂದ ಅದನ್ನು ಆಚೆ ತೆಗೆದಳು. ಇನ್ನು ಮುಂದೆ ಡಿಬಗ್ಗರ್ ಅಲ್ಲಿ ನಿಲ್ಲದೆ ಮುಂದಿನದನ್ನು ಓದಿಕೊಂಡು ಹೋಗುತ್ತದೆ. ಹೊಸ ಪ್ರೋಗ್ರಾಮನ್ನು ಡಿಬಗ್ಗರಿಗೆ ತುಂಬಿ ಕರಿಬಸಪ್ಪನ ಕೈಗೆ ಕೊಟ್ಟಳು.

“ಇನ್ಮೇಲೆ ನಿನ್ನ ಮಾನ ಭದ್ರ, ಹೋಗು.”

“ನೀನು ನೂರು ವರ್ಷ ಬಾಳು ತಾಯಿ,” ಎಂದು ಕರಿಬಸಪ್ಪ ಅಡ್ಡಬೀಳುವವನಂತೆ ನಟಿಸಿದ.

ಅದಾಗಿ ಸ್ವಲ್ಪ ದಿನಕ್ಕೆ ಮಾಗಡಿ ರಸ್ತೆಯ ಒಂದು ಪಾತ್ರೆ ಫ್ಯಾಕ್ಟರಿಯಲ್ಲಿ ಪ್ರೆಸ್ ಮಿಷಿನ್ನು ಚಿಕ್ಕಹನುಮಯ್ಯ ಎಂಬವನ ಬಲಗೈ ಮೇಲೆ ಬಿತ್ತು. ಬೆರಳು ಒಂದೂ ಉಳಿಯಲಿಲ್ಲ. ಆ ಮಿಷಿನ್ನಿಗೆ ಇವರದೇ ಬಾಕ್ಸು. ಸೇಫ್ಟಿ ಸ್ವಿಚ್ ಆನ್ ಇದ್ದರೆ, ಕೈ ಒಳಗಿರುವಾಗ ಪ್ರೆಸ್ ಕೆಳಗಿಳಿಯದಂತೆ ಬಾಕ್ಸು ತಡೆಯಬೇಕು. ಆದರೆ ಪೀಸ್ ಲೆಕ್ಕದ ಕೆಲಸ. ಬೇಗ ಬೇಗ ಮುಗಿಸಲು ಕೆಲವರು ಸ್ವಿಚ್ ಆಫ್ ಮಾಡಿಕೊಳ್ಳುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಆನ್ ಇದ್ದರೆ ಬಾಕ್ಸಿನ ಮೆಮೊರಿಯಲ್ಲಿ 01, ಆಫ್ ಇದ್ದರೆ 00. ಫ್ಯಾಕ್ಟರಿಯವರು ಕರಿಬಸಪ್ಪನನ್ನು ಕರೆಸಿ ಓದಿಸಿದರು.

ಮಾರನೇ ದಿನ ಊಟದ ಹೊತ್ತಿಗೆ ಕರಿಬಸಪ್ಪ ಪಟ್ಟಿ ತಂದು ತೋರಿಸಿದ. “ಆಫ್ ಮಾಡ್ಕೊಂಡಿದ್ನಂತೆ. ಪಾಪ, ಏನ್ ಮಾಡೋದು ಹೇಳು.”

ಶಿವಗಂಗಮ್ಮ ಊಟದ ಡಬ್ಬಿ ಪಕ್ಕಕ್ಕೆ ತಳ್ಳಿ ಪಟ್ಟಿಯನ್ನು ಹತ್ತಿರಕ್ಕೆ ಹಿಡಿದಳು. ಸ್ವಿಚ್ಚಿನ ಜಾಗದಲ್ಲಿ 00. ಪ್ರೆಸ್ ಎಷ್ಟು ಸಲ ಇಳಿಯಿತು ಎಂದು ಎಣಿಸುವ ಜಾಗದಲ್ಲೂ 00. ದಿನವೆಲ್ಲಾ ಓಡಿದ ಮಿಷಿನ್ನು ಒಂದು ಸಲವೂ ಇಳಿಯದೆ ಇರುತ್ತದೆಯೇ?

ಚಿಪ್ಪೇ ಸತ್ತಿತ್ತು. ‘ಸಿಗಲಿಲ್ಲ’ ಎಂಬ ಉತ್ತರ ಬಂದಿತ್ತು. ಆದರೆ ಅಚ್ಚು ಹಾಕುವ ಭಾಗ ‘ಇದು ಎರರ್ ತಾನೆ?’ ಎಂದು ಮಾತ್ರ ಕೇಳುತ್ತದೆ. ಅಲ್ಲ ಎಂದರೆ ಕೈಯಲ್ಲಿದ್ದುದನ್ನು ಅಚ್ಚೊತ್ತುತ್ತದೆ. ಓದಲು ಏನೂ ಸಿಗದಿದ್ದಾಗ ಕೈಯಲ್ಲಿದ್ದುದು ಬರೀ ಸೊನ್ನೆ. ಹೆಸರು ಬದಲಾಯಿಸಿದವಳು ಆ ಭಾಗವನ್ನು ಮುಟ್ಟಿರಲೇ ಇಲ್ಲ.

“ಬಸಣ್ಣ, ಆ ಬಾಕ್ಸ್ ಎಲ್ಲಿ? ಇನ್ನೊಂದ್ಸಲ ಓದ್ಬೇಕು.”

“ಮಿಷಿನ್ ಮತ್ತೆ ಓಡ್ಲಿಲ್ಲ ಅಂತ ಹೊಸ ಚಿಪ್ ಹಾಕಿ ಓಡಿಸಿ ಬಂದ್ನಲ್ಲ. ಹಳೇದು ಅಲ್ಲೇ ಕಸಕ್ಕೆ ಹಾಕ್ದೆ. ಯಾಕೆ?”

ಅವಳು ನೇರ ಸೇತುರಾಮನ ರೂಮಿಗೆ ಹೋದಳು. ಅವನು ಎಲ್ಲ ಕೇಳಿಸಿಕೊಂಡ. ಎದ್ದು ಬಾಗಿಲು ಮುಂದೆ ಮಾಡಿದ.

“ಈಗ ನಾನು ಹೋಗಿ ಏನಂತ ಹೇಳ್ಲಮ್ಮ? ನಮ್ಮ ಬಾಕ್ಸ್ ಸತ್ತಿತ್ತು, ಅದಕ್ಕೆ ಪ್ರೆಸ್ ಬಿತ್ತು ಅಂತಾನಾ?”

“ಹಂಗೂ ಅಲ್ಲ ಸಾರ್. ಅವ್ರು ಆಫ್ ಮಾಡಿದ್ರೋ ಇಲ್ವೋ ನಮ್ಗೆ ಗೊತ್ತಾಗಲ್ಲ, ಅಷ್ಟೇ. ಪಟ್ಟಿ ತಪ್ಪು ಅಂತ ಹೇಳ್ಬಿಡಿ.”

“ಪಟ್ಟಿ ತಪ್ಪು ಅಂದ್ರೆ ನಾಳೆಯಿಂದ ಈ ಶೆಡ್ಡಿಗೆ ಬೀಗ. ಕರಿಬಸಪ್ಪಂಗೆ ಮೂರು ಮಕ್ಕಳು. ಯೋಚ್ನೆ ಮಾಡಿ ಮಾತಾಡು. ಅಚ್ಚಿನ ಭಾಗ ಸರಿ ಮಾಡು, ಮುಂದಕ್ಕೆ ಆಗ್ಬಾರ್ದು. ಹೋಗು.”

ಅವಳು ಸರಿ ಮಾಡಿದಳು. ತೀರಾ ಚಿಕ್ಕ ಕೆಲಸ, ಟೀ ಆರುವುದರೊಳಗೆ ಮುಗಿದುಹೋಯಿತು. ಅದಕ್ಕೇ ಅವಳಿಗೆ ಇನ್ನಷ್ಟು ಸಂಕಟವಾಯಿತು.

ಭಾನುವಾರ ವಿಳಾಸ ಕೇಳಿಕೊಂಡು ಬ್ಯಾಡರಹಳ್ಳಿಗೆ ಹೋದಳು. ಹೆಂಚಿನ ಮನೆ. ಜಗಲಿಯ ಮೇಲೆ ಚಿಕ್ಕಹನುಮಯ್ಯ ಕೈಗೆ ಸುತ್ತಿದ ಬಟ್ಟೆಯನ್ನು ಎದೆಗೆ ಆನಿಸಿಕೊಂಡು ಕೂತಿದ್ದ. ಅವನ ಹೆಂಡತಿ ನರಸಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಶಿವಗಂಗಮ್ಮ ತಾನು ಯಾರೆಂದು ಹೇಳಿದಳು. ಪಟ್ಟಿಯ ವಿಷಯ ಹೇಳಿದಳು. ಒಮ್ಮೆ ಅರ್ಥವಾಗಲಿಲ್ಲವೆಂದು ಇನ್ನೊಮ್ಮೆ ಹೇಳಿದಳು.

“ಅಂದ್ರೆ ಆ ಕಾಗ್ದ ಸುಳ್ಳಾ?” ಚಿಕ್ಕಹನುಮಯ್ಯನ ಬೆನ್ನು ನೆಟ್ಟಗಾಯಿತು. “ನಾನು ಆನ್ ಮಾಡಿದ್ದೆ ಕಣಮ್ಮ! ಮೊದ್ಲು ಹಂಗೇ ಹೇಳ್ದೆ. ಅವ್ರು ಕಾಗ್ದ ಮುಂದೆ ಹಿಡಿದು, ಮಿಷಿನ್ ಸುಳ್ಳು ಹೇಳುತ್ತೇನಯ್ಯಾ ಅಂದ್ರು. ನಂಗೂ ಅನ್ನಿಸ್ಬಿಡ್ತು, ಆಫ್ ಮಾಡಿದ್ನೇನೋ ಅಂತ. ಎಡಗೈಲಿ ಹೆಬ್ಬೆಟ್ಟು ಒತ್ತಿಬಿಟ್ಟೆ.”

“ನಾಳೆ ನಾನು ನಿಮ್ಮ ಜೊತೆ ಫ್ಯಾಕ್ಟರಿಗೆ ಬರ್ತೀನಣ್ಣ. ಪಟ್ಟಿ ತಪ್ಪು ಅಂತ ಬರ್ದು ಕೊಡ್ತೀನಿ. ನನ್ ಕೆಲ್ಸ ಹೋದ್ರೂ ಹೋಗ್ಲಿ.”

“ನಾನು ಆನ್ ಮಾಡಿದ್ದೆ ಅಂತ ಬರೀತೀಯಾ?”

ಶಿವಗಂಗಮ್ಮ ತಡವರಿಸಿದಳು. “ಅದು... ಅದನ್ನ ಬರೆಯೋಕಾಗಲ್ಲ. ಮಿಷಿನ್ನಿಗೆ ಗೊತ್ತಿಲ್ಲ ಅಂತ ಬರೀಬೋದು.”

ನರಸಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಗೊತ್ತಿಲ್ಲ ಅಂತ ಹೇಳೋಕೆ ಅಷ್ಟು ದೂರದಿಂದ ಬಂದ್ಯಾ ತಾಯಿ? ನಾಳೆಯಿಂದ ನಂಗೆ ಅಲ್ಲಿ ಗುಡ್ಸೋ ಕೆಲ್ಸ ಕೊಡ್ತಾವ್ರೆ. ಇವ್ನು ಹೆಬ್ಬೆಟ್ಟು ಒತ್ತಿದ್ದಕ್ಕೇ ಕೊಟ್ರು. ತಪ್ಪು ಇವಂದೇ ಅಂತ ಒಪ್ಕೊಂಡ್ರೆ ಮನೆಗೆ ಒಂದು ಕೆಲ್ಸ. ನಿನ್ನ ಕಾಗ್ದ ತಗೊಂಡೋದ್ರೆ ಅದೂ ಹೋಗುತ್ತೆ. ಆಮೇಲೆ ನೀನು ಅನ್ನ ಹಾಕ್ತೀಯಾ?”

“ಲೇ, ಸುಮ್ನಿರೇ.”

“ನೀ ಸುಮ್ನಿರು! ಊರೋರೆಲ್ಲ ದುರಾಸೆಗೆ ಕೈ ಕಳ್ಕೊಂಡ ಅಂತಾವ್ರೆ. ನಾನೂ ಅಂದಿದೀನಿ. ಅದನ್ನೆಲ್ಲ ನುಂಗ್ಕೊಂಡು ಪೊರಕೆ ಹಿಡಿಯೋಕೆ ಹೊಂಟಿದೀನಿ.” ಅವಳು ಶಿವಗಂಗಮ್ಮನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಬರೀ ಸುಸ್ತು. “ಹೋಗವ್ವ. ಇನ್ನೊಂದ್ಸಲ ಬರ್ಬೇಡ.”

ಶಿವಗಂಗಮ್ಮ ಎದ್ದಳು. ಚಪ್ಪಲಿ ಹಾಕಿಕೊಳ್ಳುವಾಗ ಚಿಕ್ಕಹನುಮಯ್ಯ ಮೆಲ್ಲಗೆ ಕರೆದ.

“ಕಾಗ್ದ ಬ್ಯಾಡಮ್ಮ. ಸುಮ್ನೆ ಬಾಯಲ್ಲಿ ಹೇಳು, ಇವಳ ಮುಂದೆ. ನಾನು ಆನ್ ಮಾಡಿದ್ದೆ ತಾನೆ?”

ನರಸಮ್ಮನೂ ತಲೆ ಎತ್ತಿ ಕಾದಳು. ಒಂದೇ ಮಾತು. ಹೇಳಿಬಿಟ್ಟರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಅವಳು ಬಾಯಿ ತೆರೆದಳು. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಅವಳ ಡಬ್ಬ ಒಂದು ಸಲ ಅಚ್ಚು ಹಾಕಿ ಆಗಿತ್ತು.

“ನಂಗೊತ್ತಿಲ್ಲಣ್ಣ,” ಎಂದಳು.

ಚಿಕ್ಕಹನುಮಯ್ಯ ತಲೆಯಾಡಿಸಿದ. ಅವರೆಕಾಯಿಯನ್ನು ಎಡಗೈಗೆ ತೆಗೆದುಕೊಂಡು ಹಲ್ಲಿನಿಂದ ಸಿಪ್ಪೆ ಬಿಡಿಸಲು ಶುರುಮಾಡಿದ. ನರಸಮ್ಮ ಅದನ್ನು ಅವನ ಬಾಯಿಂದ ಕಿತ್ತುಕೊಂಡು, ತಾನೇ ಸುಲಿದು, ಕಾಳನ್ನು ಮೊರಕ್ಕೆ ಹಾಕಿದಳು.